ಹನುಮಪ್ಪನಿಗೆ ಐದು, ಮೊಣಕಾಲಿಗೆ ಹದಿನಾರು

ಮಜ್ಜಿಗೆ ಕಡೆಯುವಾಗ, ಬೆಣ್ಣೆ ಇನ್ನೇನು ಬಂತು ಎನ್ನುವ ಹೊತ್ತಿಗೆ, ಮನೆಗೆ ಯಾರೂ ಸುದ್ದಿ ತರಬಾರದು. ಕೈ ನಿಲ್ಲಿಸಿದರೆ ಬೆಣ್ಣೆ ಒಡೆಯುತ್ತದೆ, ನಿಲ್ಲಿಸದಿದ್ದರೆ ಸುದ್ದಿ ತಂದವರಿಗೆ ಸಿಟ್ಟು ಬರುತ್ತದೆ. ಪಕ್ಕದ ಮನೆಯ ಶಾಂತವ್ವನಿಗೆ ಈ ಮಾತು ಗೊತ್ತಿಲ್ಲವೆಂದಲ್ಲ. ಗೊತ್ತಿದ್ದೇ ಬರುತ್ತಾಳೆ. ಅವತ್ತು ಶನಿವಾರ ಹೊತ್ತು ಮೂಡಿ ಒಂದು ಮಾರು ಏರಿತ್ತು. ಹಿತ್ತಲ ಬಾಗಿಲಿನಿಂದ ನುಗ್ಗಿದವಳು ಏದುಸಿರಿನಲ್ಲೇ ಶುರು ಮಾಡಿದಳು.

"ಏ ತಂಗಿ, ಕಡಗೋಲು ಬಿಡು. ನಿಮ್ಮತ್ತಿ ಗರಡಿಮನಿ ಹೊಸ್ತಿಲ ಮ್ಯಾಲ ಕುಂತಾರ. ಒಳಗಿನ ಪೈಲವಾನರು ಹೊರಗ ಬರವಲ್ರು, ಹೊರಗಿನವರು ಒಳಗ ಹೋಗವಲ್ರು. ಅರ್ಧ ಊರ ಅಲ್ಲೇ ಸೇರೈತಿ."

"ಯಾಕ ಕುಂತಾರಂತ?"

"ಸತ್ಯಾಗ್ರಹ ಅಂತ."

ನಮ್ಮ ಗಜೇಂದ್ರಗಡದಲ್ಲಿ ಪೈಲವಾನರಿಗೇನೂ ಕೊರತೆಯಿಲ್ಲ. ಗುಂಡುಕಲ್ಲನ್ನು ಹೆಗಲ ಮೇಲಿನಿಂದ ಹಿಂದಕ್ಕೆ ಒಗೆಯುವವರಿದ್ದಾರೆ, ಒಂದೇ ಉಸಿರಿಗೆ ತಂಬಿಗೆ ಹಾಲು ಕುಡಿಯುವವರಿದ್ದಾರೆ. ಆದರೆ ಈ ಊರಿನಲ್ಲಿ ನಿಜವಾಗಿ ಸಾಮು ಮಾಡಿದವರು ಯಾರು ಎಂದು ನನ್ನನ್ನು ಕೇಳಿದರೆ, ಅರವತ್ತೇಳು ವರ್ಷದ ನಮ್ಮ ಅತ್ತೆ ಎಂದೇ ಹೇಳುತ್ತೇನೆ. ನಗಬೇಡಿ. ಅವರು ಎತ್ತಿದ ಕಲ್ಲಿನ ಭಾರ ಬೇರೆ ಯಾರಿಗೂ ಕಾಣುವಂಥದ್ದಲ್ಲ. ಆ ಹೊಸ್ತಿಲಿಗೆ ಅವರು ಹೋದದ್ದು ಹೇಗೆ ಎಂಬುದನ್ನು ಮೊದಲಿನಿಂದ ಹೇಳಿದರೆ ನಿಮಗೇ ತಿಳಿಯುತ್ತದೆ.

ಅದರ ಹಿಂದಿನ ಚಳಿಗಾಲದಲ್ಲಿ ಅತ್ತೆಯ ಮೊಣಕಾಲು ಹಿಡಿದುಕೊಂಡವು. ನಾನು ಸೊಸೆಯಾಗಿ ಬಂದ ದಿನದಿಂದ ಅವರು ಸುಮ್ಮನೆ ಕೂತದ್ದನ್ನು ಕಂಡವಳಲ್ಲ. ಉಣ್ಣುವಾಗಲೂ ಒಂದು ಕಾಲು ಮಡಚಿ ಒಂದು ಕಾಲು ಊರಿ, ಈಗ ಎದ್ದೆ ಆಗ ಎದ್ದೆ ಎನ್ನುವ ಹಾಗೆ ಕೂರುವವರು. ಅಂಥವರು ಮೂರು ತಿಂಗಳು ಪಡಸಾಲೆಯ ಕಂಬಕ್ಕೆ ಒರಗಿದರು. ನಡೆಯುವ ಅತ್ತೆಗಿಂತ ಕೂತ ಅತ್ತೆ ಕಠಿಣ ಎಂಬ ಜ್ಞಾನ ನನಗೆ ಬಂದದ್ದು ಆಗ. ನಡೆಯುವ ಅತ್ತೆಗೆ ಮನೆಯ ಒಂದು ಮೂಲೆ ಮಾತ್ರ ಕಾಣುತ್ತದೆ. ಕೂತ ಅತ್ತೆಗೆ ಇಡೀ ಮನೆ ಕೇಳಿಸುತ್ತದೆ. ಸಾಸಿವೆ ಸಿಡಿದ ಸಪ್ಪಳದ ಮೇಲೆಯೇ "ಎಣ್ಣಿ ಹೆಚ್ಚಾತು" ಎನ್ನುತ್ತಿದ್ದರು. ಎಣ್ಣೆ ಹೆಚ್ಚೇ ಆಗಿರುತ್ತಿತ್ತು, ಅದು ಇನ್ನೊಂದು ಸಂಕಟ.

ಅವರ ಅಕ್ಕನನ್ನು ಮೆಣಸಗಿ ಊರಿಗೆ ಕೊಟ್ಟಿತ್ತು. ಅವರೂ ಹೀಗೇ ಮೊಣಕಾಲು ಹಿಡಿದು ಕೂತವರು ಮತ್ತೆ ಏಳಲಿಲ್ಲ. ಕೂತಲ್ಲಿ ನಾಲ್ಕು ವರ್ಷ, ಮಲಗಿದಲ್ಲಿ ಎರಡು ವರ್ಷ, ಆಮೇಲೆ ಹೋದರು. ಅತ್ತೆ ಈ ಮಾತನ್ನು ಎಂದೂ ಎತ್ತುತ್ತಿರಲಿಲ್ಲ. ಆದರೆ ಯಾರಾದರೂ ಮೆಣಸಗಿಯ ಹೆಸರು ಹೇಳಿದರೆ ಎರಡೂ ಕೈಯಿಂದ ಮೊಣಕಾಲು ಮುಚ್ಚಿಕೊಳ್ಳುತ್ತಿದ್ದರು, ದೃಷ್ಟಿ ತಾಗೀತು ಎನ್ನುವ ಹಾಗೆ.

ನಮ್ಮವರು ಮೋಟಾರಿನಲ್ಲಿ ಕೂರಿಸಿಕೊಂಡು ರೋಣದ ದವಾಖಾನೆಗೆ ಕರೆದೊಯ್ದರು. ನಾನೂ ಜೊತೆಗಿದ್ದೆ. ಡಾಕ್ಟರರು ಬಗ್ಗಿ ಮೊಣಕಾಲು ಒತ್ತಿ ನೋಡಿದರು, ಒಂದು ಬಾಟಲಿ ಎಣ್ಣೆ ಕೊಟ್ಟರು, ಕೊನೆಗೆ ಅಂದರು:

"ಎಣ್ಣಿ ನೆವ ಅಷ್ಟ ಯವ್ವಾ. ನೀವು ದಿನಾ ನಡೀಬೇಕು."

"ಎಲ್ಲಿಗೆ?"

"ಎಲ್ಲಿಗೂ ಅಲ್ರಿ. ಸುಮ್ನ ನಡೀಬೇಕು."

ಮೋಟಾರು ಊರು ಮುಟ್ಟುವ ತನಕ ಅತ್ತೆಗೆ ಅದೇ ಗುನುಗು. "ಸುಮ್ನ ನಡೀಬೇಕಂತ. ಹುಚ್ಚರು ನಡೀತಾರ ಸುಮ್ನ. ಓದಿದವಂಗ ಇಷ್ಟೂ ತಿಳೀಬಾರದ?"

ಅವರ ಮಾತೂ ಸುಳ್ಳಲ್ಲ. ರೈತರ ಕಾಳು ಮಾರಿಸಿಕೊಡುವ ಅಡತಿ ಅಂಗಡಿಯ ಮನೆತನದ ಹಿರಿ ಹೆಂಗಸು ಕೈಯಲ್ಲಿ ಕೊಡವಿಲ್ಲದೆ, ಬುಟ್ಟಿಯಿಲ್ಲದೆ, ಹೂವಿಲ್ಲದೆ ಬೀದಿಯಲ್ಲಿ ಹೊರಟರೆ ಆಗುವುದೇನು? ಮರುದಿನವೇ ಗೊತ್ತಾಯಿತು. ಅತ್ತೆ ಕೋಲು ಹಿಡಿದು ಪೇಟೆಯ ಕಡೆ ನಡೆದರು. ಮೊದಲನೆಯ ಮನೆಯ ಕಟ್ಟೆಯಿಂದ "ಎಲ್ಲಿಗೆ ಹೊಂಟ್ರಿ ಅಮ್ಮಾರ?" ಬಂತು. "ಎಲ್ಲೂ ಇಲ್ಲ" ಎಂದರು. ಎಲ್ಲೂ ಇಲ್ಲ ಎಂದವರನ್ನು ಬೀದಿಯಲ್ಲಿ ನಿಲ್ಲಿಸುವುದುಂಟೇ? ಒಳಗೆ ಕರೆದರು, ಮಣೆ ಹಾಕಿದರು, ಚಹಾ ಕೊಟ್ಟರು. ಎರಡನೆಯ ಮನೆಯವರು ಇದನ್ನು ನೋಡಿದರು. ಅವರ ಮನೆಗೆ ಹೋಗಿ ನಮ್ಮ ಮನೆಗೆ ಬರದಿದ್ದರೆ ಹೇಗೆ? ಅಲ್ಲಿಯೂ ಮಣೆ, ಅಲ್ಲಿಯೂ ಚಹಾ, ಮೇಲೊಂದು ಉಂಡಿ. ಮಧ್ಯಾಹ್ನ ಅತ್ತೆ ಮನೆಗೆ ಬಂದಾಗ ಏಳು ಚಹಾ ಕುಡಿದಿದ್ದರು, ಮೂರು ತಾಸು ಕೂತಿದ್ದರು, ನಡೆದದ್ದು ಎಷ್ಟು ಎಂದು ಕೇಳಿದರೆ ಕೋಲನ್ನು ಮೂಲೆಗಿಟ್ಟರು. ಶಾಂತವ್ವ ಎಣಿಸಿದ್ದಳು. ಎಂಟು ಮನೆ. ಏಳೇ ಚಹಾ ಯಾಕೆಂದರೆ, ಒಂದು ಮನೆಯ ಹಾಲು ಒಡೆದಿತ್ತಂತೆ. ಆ ಹಾಲು ಒಡೆದದ್ದೂ ಒಂದು ಕೃಪೆಯೇ ಎಂದು ನಾನು ಮನಸ್ಸಿನಲ್ಲೇ ಕೈಮುಗಿದೆ, ರಾತ್ರಿ ಅತ್ತೆಗೆ ನಿದ್ದೆ ಬಾರದಿದ್ದಾಗ.

"ಕಾಲಕಾಲೇಶ್ವರನ ಗುಡ್ಡಕ್ಕ ಹೋಗಿ ಬರೂಣೇನ್ರಿ ದಿನಾ? ದರ್ಶನನೂ ಆಕ್ಕೈತಿ" ಎಂದೆ ನಾನು.

"ಆ ಮೆಟ್ಲ ಹತ್ತೂ ಕಾಲಿದ್ರ ನನಗ ಯಾವ ದೇವರ ಗರಜ ಇತ್ತವಾ?"

ನಾನು ಕಿವಿ ಮುಚ್ಚಿಕೊಂಡು ಶಿವ ಶಿವ ಎಂದೆ. ಅತ್ತೆಗೆ ಮಾತ್ರ ಆ ಮಾತಿನಿಂದಲೇ ದಾರಿ ಹೊಳೆಯಿತು. ಬೀದಿಯಲ್ಲಿ ಸುಮ್ಮನೆ ನಡೆಯಬಾರದು. ಗುಡ್ಡ ಹತ್ತಲಾಗದು. ಆದರೆ ದೇವರ ಸುತ್ತ ಎಷ್ಟು ನಡೆದರೂ ಎಲ್ಲಿಗೆ ಹೊಂಟ್ರಿ ಎಂದು ಯಾರಾದರೂ ಕೇಳುತ್ತಾರೆಯೇ?

ನಮ್ಮ ಓಣಿಯ ತುದಿಗೆ ಹನುಮಪ್ಪನ ಗುಡಿ. ಒಂದೇ ಒಂದು ಮೆಟ್ಟಿಲು. ಸುತ್ತ ಹಾಸುಗಲ್ಲಿನ ದಾರಿ, ಬೇಕಾದರೆ ಹಿಡಿದುಕೊಳ್ಳಲು ಗುಡಿಯ ಗೋಡೆ. ಗುಡಿಯ ಬೆನ್ನಿಗೆ ಗರಡಿಮನೆಯ ಅಂಗಳ. ಮೊದಲ ದಿನ ಅತ್ತೆ ಅರ್ಧ ಸುತ್ತು ಹಾಕಿ ಹನುಮಪ್ಪನ ಹಿಂದೆ ನಿಂತುಬಿಟ್ಟರು. ಅರ್ಧ ಪ್ರದಕ್ಷಿಣೆಯಲ್ಲಿ ಹಿಂತಿರುಗಿದರೆ ದೋಷ, ಮುಂದೆ ಹೋಗಲು ಕಾಲಿಲ್ಲ. ನಾನು ಕೈ ಹಿಡಿಯಲು ಹೋದರೆ "ಮುಟ್ಟಬ್ಯಾಡ" ಎಂದರು. ಗೋಡೆಗೆ ಅಂಗೈ ಊರಿ, ನಿಂತು ನಿಂತು, ಆ ಒಂದು ಸುತ್ತನ್ನು ಮುಗಿಸುವಷ್ಟರಲ್ಲಿ ಪೂಜಾರಿ ಅಭಿಷೇಕ, ಅಲಂಕಾರ, ಮಂಗಳಾರತಿ ಮೂರನ್ನೂ ಮುಗಿಸಿದ್ದ. ಎರಡು ತಿಂಗಳಲ್ಲಿ ಇಪ್ಪತ್ತೊಂದಕ್ಕೆ ಬಂದರು. ಕೋಲು ಗುಡಿಯ ಕಟ್ಟೆಯ ಮೇಲೆ, ಅತ್ತೆ ಗುಡಿಯ ಸುತ್ತ. ಲೆಕ್ಕಕ್ಕೆ ಹುಣಸೆಬೀಜ.

ಒಂದು ದಿನ ಬೀಜಗಳನ್ನು ಎರಡು ಗುಂಪು ಮಾಡಿ ಇಡುತ್ತಿರುವುದನ್ನು ನೋಡಿ ಕೇಳಿದೆ.

"ಇದು ಹನುಮಪ್ಪಂದು, ಐದು. ಇದು ಮೊಣಕಾಲಿಂದು, ಹದಿನಾರು."

"ದೇವರ ಗುಡ್ಯಾಗ ನಿಂತು ಮೊಣಕಾಲಿಗೆ ಪ್ರದಕ್ಷಿಣಿ ಹಾಕ್ತೀರೇನ್ರಿ ಅತ್ತಿ? ಪಾಪ ಹತ್ತೂದಿಲ್ಲ?"

"ಇಪ್ಪತ್ತೊಂದೂ ನಿನಗ ಅಂತ ಸುಳ್ಳು ಹೇಳಿದ್ರ ಹತ್ತತಿತ್ತು. ಅವಗ ಗೊತ್ತಾಗೂದಿಲ್ಲೇನು ನಾ ಯಾಕ ಬರ್ತೀನಿ ಅಂತ?"

ನಾನು ಸೋಮವಾರ ಒಪ್ಪತ್ತು ಮಾಡುವವಳು, ಇಷ್ಟಲಿಂಗ ಪೂಜೆಯಾಗದೆ ನೀರು ಮುಟ್ಟದವಳು. ಆದರೂ ಮರುದಿನ ಆ ಹದಿನಾರು ಬೀಜ ಎಣಿಸಿ ಕೊಟ್ಟವಳು ನಾನೇ.

ಅತ್ತೆಯನ್ನು ನೋಡಿ ಓಣಿಯ ಉಳಿದ ಮುದುಕಿಯರೂ ಬರತೊಡಗಿದರು. ಸೊಂಟ ಹಿಡಿದವರು, ಕಾಲು ಜುಮುಗುಡುವವರು, ಸೊಸೆಯ ಮೇಲೆ ಸಿಟ್ಟಾದವರು. ಬೆಳಗಿನ ಹೊತ್ತು ಹನುಮಪ್ಪನ ಸುತ್ತ ಹನ್ನೊಂದು ಮಂದಿ. ನಮ್ಮವರು ಅದಕ್ಕೆ ಮುದುಕೇರ ಗರಡಿ ಎಂದು ಹೆಸರಿಟ್ಟರು. ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಅತ್ತೆಯ ಕಾಲು ಸಡಿಲಾದ ಹಾಗೆ ಬಾಯಿಯೂ ಸಡಿಲಾಯಿತು. ಗುಡಿಯ ಹಿಂದಿನ ದಾರಿಯಲ್ಲಿ ಬಂದಾಗಲೆಲ್ಲ ಗರಡಿಯ ಅಂಗಳ ಕಾಣುತ್ತದಲ್ಲ? ಅಲ್ಲಿ ಪೈಲವಾನರು ಕೂತು ಎದ್ದು, ಕೂತು ಎದ್ದು ಬೈಠಕ್ ಹೊಡೆಯುತ್ತಿರುತ್ತಾರೆ. ಅತ್ತೆ ತಮ್ಮ ಸುತ್ತಿನ ಜೊತೆಗೆ ಅವರ ಬೈಠಕ್ಕನ್ನೂ ಎಣಿಸತೊಡಗಿದರು.

"ಏ ತಮ್ಮಾ, ನಲವತ್ತು ಅಂದಿಯಲ್ಲ, ಮೂವತ್ತೆಂಟ ಆಗ್ಯಾವ. ಹನುಮಪ್ಪನ ಮುಂದ ಸುಳ್ಳು ಹೇಳಬ್ಯಾಡ."

ಲಂಗೋಟಿಯಲ್ಲಿದ್ದ ಪೈಲವಾನ ನಾಚಿ ಗುಂಡುಕಲ್ಲಿನ ಹಿಂದೆ ಅಡಗಿದ. ಗುಂಡುಕಲ್ಲು ಅವನಿಗಿಂತ ಸಣ್ಣದು.

ಗರಡಿಯ ಗುರುವಿಗೆ ನಮ್ಮ ಕಡೆ ವಸ್ತಾದ ಎನ್ನುತ್ತಾರೆ. ಈ ವಸ್ತಾದ ಐವತ್ತು ದಾಟಿದವನು, ಕುಸ್ತಿಯಲ್ಲಿ ಎರಡೂ ಕಿವಿ ಮುದುಡಿ ಗಟ್ಟಿಯಾದವನು. ಮಾತು ಕಡಿಮೆ, ಒಳ್ಳೆಯ ಮನುಷ್ಯ. ಆದರೆ ಅವನಿಗೂ ಅವನ ಕಷ್ಟ. ಗರಡಿಯ ಮಣ್ಣಿಗೆ ಹೆಂಗಸರ ನೆರಳು ಬೀಳಬಾರದೆಂಬ ಹಳೆಯ ಕಟ್ಟುಪಾಡು ಒಂದು ಕಡೆ, ತಾಯಂದಿರ ಮುಂದೆ ಲಂಗೋಟಿಯಲ್ಲಿ ನಿಲ್ಲಲಾಗದೆ ಸಾಮು ಬಿಡುತ್ತಿದ್ದ ಶಿಷ್ಯರು ಇನ್ನೊಂದು ಕಡೆ. ನರಗುಂದದಲ್ಲಿ ಕುಸ್ತಿಗೆ ದಿನ ಗೊತ್ತಾಗಿತ್ತು. ಪಂಚರಿಗೆ ದೂರು ಹೋಯಿತು. ಪಂಚರು ಕೂತು, ಅಡಿಕೆ ಹಾಕಿಕೊಂಡು, ಹುಡುಗರು ಊರಿನ ಮರ್ಯಾದೆ, ಮುದುಕಿಯರು ಮನೆಯಲ್ಲೂ ಇರಬಹುದು ಎಂದು ತೀರ್ಮಾನಿಸಿದರು. ಗುಡಿಯ ಹಿಂದಿನ ದಾರಿಗೆ ಎರಡೂ ತುದಿಯಲ್ಲಿ ಅಡ್ಡಲಾಗಿ ಎದೆಮಟ್ಟ ಕಲ್ಲು ಪೇರಿಸಿ ಗೋಡೆ ಮಾಡಿದರು. ಹನುಮಪ್ಪನ ಬೆನ್ನು ಗರಡಿಗೆ ಸೇರಿತು. ನಮಗೆ ಮುಖ ಉಳಿಯಿತು.

ಪಂಚರಲ್ಲಿ ಒಬ್ಬರಿಗೂ ಮೊಣಕಾಲು ನೋವಿರಲಿಲ್ಲ. ಇದ್ದಿದ್ದರೆ ಗೋಡೆಯ ಕಲ್ಲು ಕಲ್ಲಿನ ಜಾಗದಲ್ಲೇ ಇರುತ್ತಿತ್ತು.

ಪೂಜಾರಿ ಸಮಾಧಾನ ಹೇಳಿದ. "ಚಿಂತಿ ಬ್ಯಾಡ್ರಿ ಅಮ್ಮಾರ. ನಿಂತಲ್ಲೇ ಮೂರು ಸಲ ತಿರುಗಿದ್ರೂ ಪ್ರದಕ್ಷಿಣಿ ಆದಂಗ. ದೇವರು ಒಪ್ಕೋತಾನ."

"ದೇವರು ಒಪ್ಕೋತಾನೋ ಮಾರಾಯ. ಮೊಣಕಾಲು ಒಪ್ಕೋಬೇಕಲ್ಲ?"

ಆದರೂ ಹಿರಿಯರ ಮಾತು ಎಂದು ತಿರುಗಿದರು. ಮೂರಲ್ಲ, ಇಪ್ಪತ್ತೊಂದೂ ತಿರುಗುತ್ತೇನೆಂದು ಹೊರಟವರು ಒಂಬತ್ತಕ್ಕೆ ತಲೆ ಸುತ್ತಿ ಪೂಜಾರಿಯ ತೆಂಗಿನಕಾಯಿ ಬುಟ್ಟಿಯಲ್ಲಿ ಕೂತರು. ಆ ದಿನ ಒಡೆಯುವ ಕೆಲಸ ಅವನಿಗೆ ಉಳಿಯಲಿಲ್ಲ. ಪುಣ್ಯಕ್ಕೆ ಅತ್ತೆಗೆ ಏನೂ ಆಗಲಿಲ್ಲ.

ಆಮೇಲೆ ಶುರುವಾಯಿತು ಮನೆಯಲ್ಲಿ. ಪಡಸಾಲೆಯ ಕಂಬ ಸುತ್ತಿದರು, ಕಂಬದ ಪಕ್ಕದ ಜೋಳದ ಚೀಲಕ್ಕೆ ಎಡವಿದರು. ಹಿತ್ತಲ ಬೇವಿನಮರ ಸುತ್ತಿದರು, ಎಮ್ಮೆಯ ಹಗ್ಗ ಕಾಲಿಗೆ ಸುತ್ತಿಕೊಂಡಿತು. ಎಮ್ಮೆ ಆ ಸಂಜೆ ಹಾಲು ಬಿಡಲಿಲ್ಲ. ಕೊನೆಗೆ ಅವರ ಕಣ್ಣು ಅಡುಗೆಮನೆಯ ಮೇಲೆ ಬಿತ್ತು. ನಡುವೆ ಒಲೆ, ಒಲೆಯ ಮುಂದೆ ನಾನು, ಸುತ್ತ ಬರಿಗೋಡೆ, ಎಡವಲು ಏನೂ ಇಲ್ಲ. ನಾನು ರೊಟ್ಟಿ ಬಡಿಯುತ್ತಿದ್ದೆ. ಬೆನ್ನ ಹಿಂದೆ ಕಾಲಿನ ಸಪ್ಪಳ ಬಂತು, ಎಡಕ್ಕೆ ಬಂತು, ಮುಂದೆ ಹೋಯಿತು, ಮತ್ತೆ ಹಿಂದೆ ಬಂತು. ಐದು ರೊಟ್ಟಿ ಆಗುವ ತನಕ ನನಗೆ ತಿಳಿಯಲಿಲ್ಲ. ತಿಳಿದಾಗ ಕೈಯೊಳಗಿನ ಹಿಟ್ಟು ಹಾಗೆಯೇ ಉಳಿಯಿತು. ಅತ್ತೆ ನನ್ನನ್ನು ಪ್ರದಕ್ಷಿಣೆ ಹಾಕುತ್ತಿದ್ದಾರೆ!

ಹಿಟ್ಟಿನ ಕೈಯಲ್ಲೇ ಎದ್ದು ಅವರ ಪಾದ ಹಿಡಿದೆ. "ಅತ್ತಿ, ಬ್ಯಾಡ್ರಿ. ನನಗ ನರಕ ತಪ್ಪೂದಿಲ್ಲ."

"ಏಳು. ನಿನಗಲ್ಲ, ಒಲಿಗೆ ಹಾಕಾಕತ್ತೀನಿ. ನೀ ನಡುವ ಬಂದು ಕುಂತೀ."

ಅಷ್ಟರಲ್ಲಿ ಬೆಂಕಿ ಕೇಳಲು ಬಂದ ಶಾಂತವ್ವ ಬಾಗಿಲಲ್ಲಿ ನಿಂತಿದ್ದಳು. ಅವಳು ಬೆಂಕಿಯನ್ನು ಮರೆತು ಹೋದಳು, ಸುದ್ದಿಯನ್ನು ಮರೆಯಲಿಲ್ಲ. ವಾರದೊಳಗೆ ಲಕ್ಕಲಕಟ್ಟಿಯಿಂದ ನನ್ನ ತವರಿನವರು ಹೇಳಿ ಕಳಿಸಿದರು: ಅತ್ತೆಯಿಂದ ಪೂಜೆ ಮಾಡಿಸಿಕೊಳ್ಳುವ ಮಗಳನ್ನು ನಾವು ಹೆತ್ತಿಲ್ಲ ಅಂತ.

ನಕ್ಕು ಹಗುರಾದೆವು, ಆದರೆ ಒಲೆಯ ಸುತ್ತ ಎಷ್ಟು ನಡೆಯಬಹುದು? ನಾಲ್ಕು ಹೆಜ್ಜೆಗೊಂದು ತಿರುವು. ತಿರುಗಿದಾಗಲೆಲ್ಲ ಮೊಣಕಾಲು ತಿರುಚುತ್ತಿತ್ತು. ಒಂದು ವಾರ ಸುತ್ತು ಕಡಿಮೆಯಾಯಿತು, ಮುಂದಿನ ವಾರ ಕೋಲು ಕೈಗೆ ಬಂತು, ಅದರ ಮುಂದಿನ ವಾರ ಅತ್ತೆ ಮತ್ತೆ ಕಂಬಕ್ಕೆ ಒರಗಿದರು. ಉಳಿದ ಹತ್ತು ಮಂದಿಯೂ ತಮ್ಮ ತಮ್ಮ ಕಂಬಗಳಿಗೆ ಹೋಗಿ ಕೂತಿದ್ದರು. ಯಾರಾದರೂ ಕರೆದರೆ "ಹನುಮಪ್ಪನ ದಾರಿನ ಇಲ್ಲಲ್ಲವಾ" ಎನ್ನುತ್ತಿದ್ದರು. ಮನಸ್ಸಿರಲಿಲ್ಲವೇ? ಇತ್ತು. ಮನಸ್ಸಿಗೆ ನಡೆಯಲು ನೆಲ ಬೇಕಲ್ಲ.

ಒಂದು ರಾತ್ರಿ ಎಣ್ಣೆ ತಿಕ್ಕುವಾಗ ಅತ್ತೆ ತಾವಾಗಿ ಹೇಳಿದರು. "ಅಕ್ಕ ಮೊದಲ ದಿನ ಕುಂತಾಗ ಇವತ್ತೊಂದಿನ ಕುಂತೀನಿ ಅಂದಿದ್ಲು. ನಾ ಅಲ್ಲೇ ಇದ್ದೆ." ಅಷ್ಟೇ. ಸೀರೆಯ ಅಂಚನ್ನು ಮೊಣಕಾಲಿನ ಮೇಲೆ ಎಳೆದುಕೊಂಡರು.

ಅದಾದ ಮೂರನೆಯ ಬೆಳಗ್ಗೆ ನಾನು ಮಜ್ಜಿಗೆ ಕಡೆಯಲು ಕೂತಾಗ ಅವರು ಕೋಲು ಹಿಡಿದು ಯಾರಿಗೂ ಹೇಳದೆ ಹೊರಬಿದ್ದಿದ್ದರು. ಅದೇ ಶಾಂತವ್ವ ತಂದ ಸುದ್ದಿ.

ಓಡಿದೆ. ತಲೆಯ ಮೇಲಿನ ಸೆರಗು ಇತ್ತೋ ಇಲ್ಲವೋ ನೆನಪಿಲ್ಲ. ಗರಡಿಮನೆಯ ಬಾಗಿಲು ನೋಡಿದವರಿಗೆ ಗೊತ್ತು, ಬಗ್ಗಿ ಒಳಗೆ ಹೋಗುವಷ್ಟು ಗಿಡ್ಡ, ಇಬ್ಬರು ಒಟ್ಟಿಗೆ ಹಾಯಲಾರದಷ್ಟು ಇಕ್ಕಟ್ಟು. ಆ ಕಲ್ಲಿನ ಹೊಸ್ತಿಲ ಮೇಲೆ ಅತ್ತೆ ಕೂತಿದ್ದಾರೆ, ಕೋಲು ಆಚೆ ಬಿದ್ದಿದೆ, ಎರಡೂ ಕೈ ಮೊಣಕಾಲಿನ ಮೇಲೆ. ಒಳಗೆ ಆರು ಮಂದಿ ಪೈಲವಾನರು ಲಂಗೋಟಿಯಲ್ಲಿ. ಮನುಷ್ಯರನ್ನು ದಾಟಬಾರದು, ಅದರಲ್ಲೂ ಹಿರಿಯರನ್ನು. ದಾಟಿದರೆ ಪಾಪ. ಎತ್ತಿ ಬದಿಗಿಡೋಣವೆಂದರೆ ಲಂಗೋಟಿ ಉಟ್ಟು ತಾಯಿಯ ಸಮಾನರನ್ನು ಮುಟ್ಟುವುದುಂಟೇ? ಧೋತರಗಳೆಲ್ಲ ಹೊರಗಿನ ಗೂಟದಲ್ಲಿ. ಹಿಂದಿನ ಅಂಗಳದಿಂದ ಗೋಡೆ ಹಾರೋಣವೆಂದರೆ ಹೊರಗೆ ಓಣಿಯ ಹೆಂಗಸರೆಲ್ಲ.

"ಯವ್ವಾ, ನಂದು ಅಂಗಡಿ ತಗಿಯೂ ಹೊತ್ತಾತ್ರಿ" ಎಂದು ಒಳಗಿನಿಂದ ಒಬ್ಬ ಗೋಗರೆದ.

"ಕತ್ತಲ್ಯಾಗ ಕುಂತು ನೋಡು ತಮ್ಮಾ, ಹ್ಯಾಂಗಾಗತೈತಿ ಅಂತ" ಎಂದರು ಅತ್ತೆ.

ಸ್ವಾತಂತ್ರ್ಯ ಬಂದು ಇನ್ನೂ ಹತ್ತು ವರ್ಷವೂ ಆಗಿರಲಿಲ್ಲ. ಆ ದಿನಗಳಲ್ಲಿ ಯಾರು ಎಲ್ಲಿ ಕೂತರೂ ಜನ ಅದನ್ನು ಸತ್ಯಾಗ್ರಹ ಎಂದೇ ತಿಳಿಯುತ್ತಿದ್ದರು. ಯಾರೋ ಒಬ್ಬರು ಜೈ ಎಂದೂ ಕೂಗಿದರು. ಯಾರಿಗೆ ಜೈ ಎಂದು ಹೇಳಲಿಲ್ಲ.

ವಸ್ತಾದ ಹೊರಗೆ ನಿಂತಿದ್ದ. "ಯವ್ವಾ, ಏಳ್ರಿ. ಇದು ನಾ ಒಬ್ಬನ ಮಾಡಿದ್ದಲ್ಲ, ಪಂಚರ ಮಾತು."

"ಪಂಚರನ್ನ ಕರಿ. ನನ್ನ ಮೊಣಕಾಲು ಒಂದಿನ ಹಾಕ್ಕೊಂಡು ನೋಡ್ಲಿ. ಆಮ್ಯಾಲ ಮಾತಾಡ್ಲಿ."

"ಮಂದಿ ನಗ್ತಾರ್ರಿ ಯವ್ವಾ."

"ನಗೂ ಮಂದಿ ಕಾಲು ಗಟ್ಟಿ ಅದಾವಂತ ತಿಳ್ಕೋತೀನಿ."

ನಾನು ಜನರನ್ನು ಸರಿಸಿ ಮುಂದೆ ಹೋಗಿ ಬಗ್ಗಿದೆ. ಮನೆತನದ ಮರ್ಯಾದೆ, ಶನಿವಾರ, ಹನುಮಪ್ಪ, ಹೇಳಬೇಕಾದದ್ದೆಲ್ಲ ನಾಲಿಗೆಯ ತುದಿಯಲ್ಲಿತ್ತು. ಅತ್ತೆ ನನ್ನ ಕಿವಿ ಹತ್ತಿರ ಬರುವ ತನಕ ಕಾದರು. ಆಮೇಲೆ ತುಟಿ ಅಲ್ಲಾಡಿಸದೆ ಅಂದರು:

"ಏಳಾಕ ಬರವಲ್ದು. ಯಾರಿಗೂ ಹೇಳಬ್ಯಾಡ."

ವಸ್ತಾದನ ಹತ್ತಿರ ನಾಲ್ಕು ಮಾತಾಡಲು ಬಂದಿದ್ದರಂತೆ. ಅವನು ಬರುವ ತನಕ ನಿಲ್ಲಲಾಗದೆ ಹೊಸ್ತಿಲಿಗೆ ಒಂದು ಗಳಿಗೆ ಕೂತರು. ಕೂತದ್ದೇ ಸರಿ, ಮೊಣಕಾಲು ಬೀಗ ಹಾಕಿಕೊಂಡವು. ಜನ ಸೇರಿದರು, ಸತ್ಯಾಗ್ರಹ ಎಂದರು. ಅತ್ತೆ ಇರಲಿ ಎಂದು ಸುಮ್ಮನಾದರು. ನನ್ನನ್ನು ನೋಡುತ್ತಿದ್ದ ಆ ಕಣ್ಣಿನಲ್ಲಿ ಸಿಟ್ಟು ಇರಲಿಲ್ಲ, ಹಟ ಇರಲಿಲ್ಲ. ಹೆದರಿಕೆ ಇತ್ತು. ಸೊಸೆಯಾಗಿ ಬಂದ ಹದಿನಾಲ್ಕು ವರ್ಷದಲ್ಲಿ ಆ ಕಣ್ಣಿನಲ್ಲಿ ಅದನ್ನು ನಾನು ಕಂಡಿರಲಿಲ್ಲ.

ನಾನು ಸುಳ್ಳಾಡುವವಳಲ್ಲ. ಲಿಂಗ ಕಟ್ಟಿದ ಕೊರಳು. ನಿಧಾನ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಜೀವನದಲ್ಲಿ ಮೊದಲ ಸಲ ಇಷ್ಟು ಮಂದಿ ಗಂಡಸರ ಮುಂದೆ ಬಾಯಿ ತೆರೆದು ಹೇಳಿದೆ: "ಅತ್ತಿಯವರು ಈಗ ಏಳೂದಿಲ್ರಿ. ಗೋಡಿದು ಏನರ ಒಂದು ಮಾಡ್ರಿ."

ಏಳುವುದಿಲ್ಲ ಎಂಬುದು ಸುಳ್ಳೇ? ನೀವೇ ಹೇಳಿ.

ವಸ್ತಾದ ನನ್ನನ್ನು ನೋಡಿದ. ಆಮೇಲೆ ಅತ್ತೆಯನ್ನು ನೋಡಿದ, ಮುಖವನ್ನಲ್ಲ, ಕಾಲನ್ನು. ಎಡಗಾಲು ನೀಡಿಕೊಂಡಿತ್ತು, ಪಾದ ಹೊರಳಿತ್ತು, ಬೆರಳು ಬಿಳುಪಾಗಿದ್ದವು. ಮೂವತ್ತು ವರ್ಷ ಮೈಗಳನ್ನೇ ನೋಡಿದ ಮನುಷ್ಯ. ಬಾಗಿಲಿನ ಕಡೆ ಗಟ್ಟಿಯಾಗಿ ಕೂಗಿದ.

"ಏ, ಒಳಗಿನವರೆಲ್ಲ ಹಿಂದಿನ ಅಂಗಳಕ್ಕ ನಡೀರಿ. ಗೋಡಿ ಬಿಚ್ಚ್ರಿ. ಪಂಚರಿಗೆ ನಾ ಹೇಳ್ತೀನಿ. ಇವತ್ತಿನ ಸಾಮು ಅದ." ಧೋತರಗಳನ್ನು ಗೂಟದಿಂದ ತೆಗೆದು ಅತ್ತೆಯ ತಲೆಯ ಮೇಲಿನಿಂದ ಒಳಗೆ ಒಗೆದ. ಹೊರಗಿನವರ ಕಡೆ ತಿರುಗಿದ. "ನೀವೇನು ನೋಡ್ತೀರಿ? ಹಿಂದ ಹೋಗಿ ಕಲ್ಲು ಹೊರ್ರಿ. ಹೊರಾಕ ಆಗದವರು ಮನಿಗೆ ಹೋಗ್ರಿ."

ಕಲ್ಲು ಹೊರುವ ಮಾತು ಬಂದರೆ ಜನ ಕರಗುವ ವೇಗ ನಿಮಗೆ ಗೊತ್ತಿದೆ. ಶಾಂತವ್ವ ಕೂಡ ಹೋದಳು. ಅದು ಹನುಮಪ್ಪನ ಪವಾಡವೆಂದೇ ನಾನು ಎಣಿಸಿದ್ದೇನೆ.

ಮುಂದೆ ಯಾರೂ ಉಳಿಯದಾಗ ವಸ್ತಾದ ಅತ್ತೆಯ ಎದುರು ನೆಲಕ್ಕೆ ಮಂಡಿಯೂರಿದ. ದನಿ ತಗ್ಗಿಸಿ ಕೇಳಿದ:

"ಎಡಗಾಲೋ ಬಲಗಾಲೋ, ಯವ್ವಾ?"

ಅತ್ತೆ ಬೇರೆ ಕಡೆ ಮುಖ ತಿರುಗಿಸಿದರು. "ಎಡಗಾಲಪ್ಪ" ಎಂದರು.

ಗರಡಿಯ ಎಣ್ಣೆ ತರಿಸಿದ. ತಾನು ಮುಟ್ಟಲಿಲ್ಲ. ಎಲ್ಲಿ ಒತ್ತಬೇಕು, ಹೇಗೆ ಹಿಮ್ಮಡಿ ಹಿಡಿಯಬೇಕು ಎಂದು ನನಗೆ ತೋರಿಸಿಕೊಟ್ಟ. "ಲಗೂ ಮಾಡಬ್ಯಾಡ್ರಿ ತಂಗಿ. ನಮ್ಮವ್ವಗ ನಾ ಅವಸರ ಮಾಡಿದೆ. ಎಳದು ನಿಂದ್ರಸಾಕ ಹೋದೆ. ಅಂಜಿಕೊಂಡು ಕುಂತಾಕಿ ಆರು ವರ್ಷಾತು, ಮತ್ತ ಏಳಲಿಲ್ಲ. ಊರ ಹುಡುಗರನ್ನೆಲ್ಲ ತಯಾರ ಮಾಡ್ತೀನಿ, ನಮ್ಮವ್ವ ಮೂಲ್ಯಾಗ ಕುಂತಾಳ."

ಅತ್ತೆ ಮೊದಲ ಸಲ ಅವನ ಮುಖ ನೋಡಿದರು. "ನಾಳೆ ಕರಕೊಂಡು ಬಾ."

"ಬರೂದಿಲ್ರಿ ಆಕಿ."

"ನಾ ಬಂದು ಕರೀತೀನಿ. ಮೊದಲು ನನ್ನ ಏಳಸು."

ಅವನು ಹೇಳಿದ ಹಾಗೆ ಬೆನ್ನ ಹಿಂದಿನಿಂದ ಎರಡೂ ಕಂಕುಳಿಗೆ ಕೈ ಕೊಟ್ಟು, ನನ್ನ ಮೊಣಕಾಲನ್ನು ಅವರ ನಡುವಿಗೆ ಆನಿಸಿ, ಅವರು ಉಸಿರು ಬಿಟ್ಟಾಗ ಎತ್ತಿದೆ. ಹದಿನಾಲ್ಕು ವರ್ಷ ಆ ಮನೆಯಲ್ಲಿ ಅತ್ತೆಗಿಂತ ಭಾರವಾದದ್ದು ಮತ್ತೊಂದಿಲ್ಲವೆಂದು ತಿಳಿದುಕೊಂಡಿದ್ದವಳು ನಾನು. ತುಂಬಿದ ಕೊಡವನ್ನು ಎತ್ತುವಷ್ಟು ಬಲ ಹಾಕಿ ಎತ್ತಿದರೆ, ಕೊಡದಲ್ಲಿ ನೀರೇ ಇರಲಿಲ್ಲ. ಎಲುಬು ಮತ್ತು ಇಳಕಲ್ ಸೀರೆ, ಅಷ್ಟೇ. ಕಾಲು ನೆಲ ಹಿಡಿಯುವ ತನಕ ಅವರು ಪೂರಾ ನನ್ನ ಮೇಲೆ ಒರಗಿದ್ದರು, ಮುಟ್ಟಬೇಡ ಎನ್ನಲಿಲ್ಲ. ನಾನೂ ಅವಸರ ಮಾಡಲಿಲ್ಲ.

ಗುಡಿಯ ಹಿಂದಿನಿಂದ ಕಲ್ಲು ಬೀಳುವ ಸಪ್ಪಳ ಕೇಳುತ್ತಿತ್ತು. ವಸ್ತಾದ ಕೋಲು ಎತ್ತಿ ಕೊಟ್ಟು, ತಲೆ ಕೆರೆದುಕೊಂಡು ಹೇಳಿದ, "ಗೋಡಿ ಹೋತು ಖರೇ. ಆದ್ರ ಹುಡುಗರಿಗೂ ಒಂದು ಆಸರ ಬೇಕ್ರಿ ಯವ್ವಾ. ಲಂಗೋಟಿ ಮ್ಯಾಲ ಇರ್ತಾವ."

"ಅಂಗಳಕ್ಕ ತಟ್ಟಿನ ಪರದಿ ಕಟ್ಟು. ಅಂಗಡ್ಯಾಗ ಹರಕ ಗೋಣಿಚೀಲ ಬೇಕಾದಷ್ಟು ಅದಾವ. ಇಕಿ ಹೊಲದು ಕಳಸ್ತಾಳ."

ಇಕಿ ಎಂದರೆ ನಾನು. ನನ್ನನ್ನು ಕೇಳುವ ಪದ್ಧತಿ ನಮ್ಮ ಮನೆಯಲ್ಲಿಲ್ಲ.

ಮನೆಗೆ ಬಂದು ಅವರನ್ನು ಮಲಗಿಸಿ, ಕಾಲಿಗೆ ಬಿಸಿ ಬಟ್ಟೆಯ ಕಾವು ಕೊಟ್ಟೆ. ನಿದ್ದೆ ಹತ್ತುವ ಮೊದಲು ಒಮ್ಮೆ ಎಡಗಾಲನ್ನು ಮಡಚಿದರು, ನೀಡಿದರು. ಮತ್ತೆ ಮಡಚಿದರು. ನನಗೆ ಸಮಾಧಾನವಾಯಿತು. ಅಂಗಡಿಯಿಂದ ಚೀಲ ತರಿಸಿ, ಒಳ್ಳೆಯವನ್ನು ಬೇರೆ ಮಾಡಿ, ಹರಿದವನ್ನು ಹಿತ್ತಲ ಕಟ್ಟೆಯ ಮೇಲೆ ಹಾಸಿದೆ. ಧೂಳು ಜಾಡಿಸಿ, ದಬ್ಬಣಕ್ಕೆ ಸುತಳಿ ಪೋಣಿಸಿ, ಗರಡಿಯ ಪರದೆಗೆ ಮೊದಲನೆಯ ಹೊಲಿಗೆ ಹಾಕಿದೆ.